36 ಗಂಟೆ ಕಳೆದ ಮೇಲೆ ಪ್ರತಿ ಡೋಸಿಗೂ ಕಾರಣ ಬೇಕು: ಅವಧಿಪೂರ್ವ ಶಿಶುಗಳ ಆರೈಕೆಯಲ್ಲಿ ನನ್ನ ಅನುಭವ

ಅವಧಿಗೆ ಮುನ್ನ ಹುಟ್ಟಿದ ಶಿಶುವಿಗೆ ಆ್ಯಂಟಿಬಯಾಟಿಕ್ ಶುರು ಮಾಡಲು ಹೆಚ್ಚು ಯೋಚಿಸಬೇಕಾಗುವುದಿಲ್ಲ. ಯೋಚನೆಯೆಲ್ಲ ಬೇಕಾಗುವುದು ಅದನ್ನು ನಿಲ್ಲಿಸುವಾಗ. 27–28 ವಾರಕ್ಕೇ ಹುಟ್ಟಿದ ಮಗು ಆಗಾಗ ಉಸಿರಾಡುವುದನ್ನೇ ಮರೆಯುತ್ತದೆ, ಅದರ ಹೃದಯಬಡಿತ ಇದ್ದಕ್ಕಿದ್ದಂತೆ ಇಳಿಯುತ್ತದೆ, ಕೊಟ್ಟ ಹಾಲು ಜೀರ್ಣವಾಗದೆ ಹೊಟ್ಟೆ ಉಬ್ಬುತ್ತದೆ, ಮೈ ತಣ್ಣಗಾಗುತ್ತದೆ. ಇವೆಲ್ಲ ರಕ್ತಕ್ಕೆ ನಂಜೇರಿದ್ದರ ಲಕ್ಷಣಗಳೂ ಹೌದು, ಇನ್ನೂ ಬಲಿಯದ ದೇಹದ ದಿನನಿತ್ಯದ ತೊಡಕುಗಳೂ ಹೌದು. ಮಗುವಿನ ಪಕ್ಕದಲ್ಲಿ ನಿಂತು ನೋಡಿದ ಮಾತ್ರಕ್ಕೆ ಇದು ಯಾವುದೆಂದು ಹೇಳಲಾಗದು ಎಂಬ ಕಾರಣಕ್ಕೆ ಔಷಧವನ್ನು ಆರಂಭಿಸುತ್ತೇವೆ, ಅದೇ ಅಳುಕಿನಿಂದ ಮುಂದುವರಿಸುತ್ತಲೂ ಹೋಗುತ್ತೇವೆ. ಆರಂಭಿಸಿದ್ದನ್ನು ನಾನು ಆಕ್ಷೇಪಿಸುವುದಿಲ್ಲ, ಏಕೆಂದರೆ ನಿಜವಾದ ನಂಜು ಇಂಥ ಮಗುವಿನ ಜೀವವನ್ನು ಕೆಲವೇ ಗಂಟೆಗಳಲ್ಲಿ ತೆಗೆಯಬಲ್ಲದು. ನವಜಾತ ಶಿಶು ವೈದ್ಯನಾಗಿ ನಮ್ಮ ಘಟಕದಲ್ಲಿ ನಾನು ಬದಲಿಸಲು ಹೊರಟದ್ದು ಮುಂದುವರಿಸುವ ರೂಢಿಯನ್ನು.

ರಕ್ತದ ಕಲ್ಚರ್‌ನಲ್ಲಿ, ಅಂದರೆ ರಕ್ತವನ್ನು ಬಾಟಲಿಯಲ್ಲಿಟ್ಟು ರೋಗಾಣು ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಯಲ್ಲಿ, ಯಾವ ಬ್ಯಾಕ್ಟೀರಿಯಾವೂ ಬೆಳೆಯದಿದ್ದರೂ ‘ಯಾವುದಕ್ಕೂ ಇರಲಿ’ ಎಂದು ಏಳು ದಿನ ಪೂರೈಸುವುದು ಹಲವೆಡೆ ನಡೆದುಬಂದ ಪದ್ಧತಿ. ಈ ‘ಇರಲಿ’ಗೂ ಬೆಲೆ ಇದೆ ಎಂಬುದನ್ನು ನನಗೆ ಮನವರಿಕೆ ಮಾಡಿದ್ದು 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ. 1000 ಗ್ರಾಂ ಮತ್ತು ಅದಕ್ಕಿಂತ ಕಡಿಮೆ ತೂಕದ, ಕಲ್ಚರ್‌ನಲ್ಲಿ ಏನೂ ಬೆಳೆಯದ 4,000ಕ್ಕೂ ಹೆಚ್ಚು ಶಿಶುಗಳ ದಾಖಲೆಗಳನ್ನು ಪರಿಶೀಲಿಸಿದಾಗ, ಮೊದಲ ಕೋರ್ಸ್ 5 ದಿನ ಅಥವಾ ಅದಕ್ಕೂ ಹೆಚ್ಚು ನಡೆದವುಗಳಲ್ಲಿ ಕರುಳಿನ ಗೋಡೆ ಕೊಳೆಯುವ ಎನ್‌ಇಸಿ ಕಾಯಿಲೆ ಅಥವಾ ಸಾವಿನ ಸಂಭವ ಹೆಚ್ಚಾಗಿರುವುದು ಕಂಡುಬಂದಿತ್ತು. ಅದು ದಾಖಲೆಗಳ ಅಧ್ಯಯನವೇ ಹೊರತು ಪ್ರಯೋಗವಲ್ಲ. ಹೆಚ್ಚು ಅಸ್ವಸ್ಥವಾದ ಮಗುವಿಗೆ ವೈದ್ಯರು ಹೆಚ್ಚು ದಿನ ಔಷಧ ಕೊಟ್ಟಿರುತ್ತಾರೆ ಎಂಬ ಆಕ್ಷೇಪಕ್ಕೆ ಅಲ್ಲಿ ಪೂರ್ಣ ಉತ್ತರ ಸಿಗುವುದಿಲ್ಲ. ಆದರೂ ಲಾಭವೇನೆಂದು ತೋರಿಸಲಾಗದ ಚಿಕಿತ್ಸೆಯಿಂದ ಹಾನಿಯ ಸುಳಿವು ಸಿಕ್ಕಾಗ ಸಮರ್ಥನೆಯ ಹೊಣೆ ಚಿಕಿತ್ಸೆ ಕೊಡುವವನ ಮೇಲೆಯೇ ಬೀಳುತ್ತದೆ ಎಂಬುದು ನನ್ನ ನಿಲುವು.

ಹಾನಿಯ ದಾರಿಯನ್ನು ಊಹಿಸುವುದು ಕಷ್ಟವೇನಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಬೇಕು, ತಾಯಿಯ ಹಾಲು ಬೈಫಿಡೊಬ್ಯಾಕ್ಟೀರಿಯಾದಂಥವುಗಳನ್ನು ಪೋಷಿಸಬೇಕು. ಆಗಲೇ ಔಷಧ ಸುರಿದರೆ, ಬಿತ್ತದೆ ಬಿಟ್ಟ ಹೊಲದಲ್ಲಿ ಕಳೆ ಹಬ್ಬಿದಂತೆ, ಆಸ್ಪತ್ರೆಯ ವಾತಾವರಣದಲ್ಲಿರುವ, ಔಷಧಕ್ಕೆ ಬಗ್ಗದ ಕ್ಲೆಬ್ಸಿಯೆಲ್ಲಾದಂಥವು ಜಾಗ ಹಿಡಿಯುತ್ತವೆ. ಮೂರನೇ ತಲೆಮಾರಿನ ಸೆಫಲೊಸ್ಪೊರಿನ್‌ಗಳೆಂಬ ಆ್ಯಂಟಿಬಯಾಟಿಕ್‌ಗಳ ಬಳಕೆ ಹೆಚ್ಚಿದಷ್ಟೂ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕೂ ಹೆಚ್ಚುತ್ತದೆ. ಆದ್ದರಿಂದಲೇ ಹುಟ್ಟಿದೊಡನೆ ಶಂಕೆಯ ಮೇಲೆ ಆರಂಭಿಸುವಾಗ ನಾವು ಆ್ಯಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಜೋಡಿಯನ್ನೇ ಆಶ್ರಯಿಸುತ್ತೇವೆ. ಮೆನಿಂಜೈಟಿಸ್‌ನ, ಅಂದರೆ ಮಿದುಳಿನ ಪೊರೆಯ ಸೋಂಕಿನ, ಶಂಕೆ ಬಲವಾಗಿಲ್ಲದೆ ಸೆಫಲೊಸ್ಪೊರಿನ್ ಗುಂಪಿನ ಸೆಫೊಟಾಕ್ಸಿಮ್ ಮುಟ್ಟುವುದಿಲ್ಲ.

ಬದಲಾವಣೆಯನ್ನು ನಾನು ಆರಂಭಿಸಿದ್ದು ಔಷಧದ ಚೀಟಿಯಿಂದಲ್ಲ, ರಕ್ತ ತೆಗೆಯುವ ಸಿರಿಂಜಿನಿಂದ. ಕಲ್ಚರ್ ಫಲಿತಾಂಶವನ್ನು ನಂಬಿ ಔಷಧ ನಿಲ್ಲಿಸಬೇಕಾದರೆ ಆ ಕಲ್ಚರ್ ನಂಬಿಕೆಗೆ ಅರ್ಹವಾಗಿರಬೇಕು, ಅದಕ್ಕೆ ಕನಿಷ್ಠ 1 ಮಿ.ಲೀ. ರಕ್ತ ಬೇಕು. 800 ಗ್ರಾಂ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತವೇ ಸುಮಾರು 70 ಮಿ.ಲೀ. ಎಂದು ತಿಳಿದಿರುವ ಕಿರಿಯ ವೈದ್ಯರು ಮರುಕದಿಂದ ನಾಲ್ಕು ಹನಿ ತೆಗೆದು ಬಾಟಲಿಗೆ ಹಾಕುತ್ತಾರೆ. ಆ ಹನಿಗಳಲ್ಲಿ ಏನೂ ಬೆಳೆಯಲಿಲ್ಲವೆಂದರೆ ಯಾರಿಗೂ ಧೈರ್ಯ ಬರುವುದಿಲ್ಲ, ಔಷಧ ಏಳು ದಿನ ಸಾಗುತ್ತದೆ, ಅಷ್ಟು ದಿನಗಳಲ್ಲಿ ಕ್ಯಾನುಲಾಕ್ಕಾಗಿ ಚುಚ್ಚಿದ ನೋವು ಮೊದಲು ಉಳಿಸಿದ ರಕ್ತಕ್ಕಿಂತ ಎಷ್ಟೋ ದೊಡ್ಡದಾಗಿರುತ್ತದೆ. ಹೆರಿಗೆ ಕೋಣೆಯಲ್ಲೇ ಹೊಕ್ಕುಳಿನ ರಕ್ತನಾಳಕ್ಕೆ ಕ್ಯಾತಿಟರ್ ಹಾಕಿದಾಗ, ಅದನ್ನು ಬೇರಾವುದಕ್ಕೂ ಬಳಸುವ ಮೊದಲು ಪೂರ್ತಿ 1 ಮಿ.ಲೀ. ತೆಗೆದುಕೊಂಡು, ಬಾಟಲಿಯ ಮೇಲೆ ಪ್ರಮಾಣವನ್ನೂ ಗಂಟೆಯನ್ನೂ ಬರೆಯುವಂತೆ ನಾವು ರೂಢಿ ಮಾಡಿಕೊಂಡೆವು.

ಬಳಿಕ ಔಷಧದ ಚೀಟಿ. ಮೊದಲ ಡೋಸ್ ಬರೆಯುವಾಗಲೇ ‘36 ಗಂಟೆಗೆ ಪರಿಶೀಲನೆ’ ಎಂದು ದಿನಾಂಕ ಮತ್ತು ಸಮಯದೊಂದಿಗೆ ನಮೂದಿಸಿ, ಆಮೇಲೆ ಹೊಸದಾಗಿ ಕಾರಣ ಬರೆದು ಸಹಿ ಹಾಕದಿದ್ದರೆ ಮುಂದಿನ ಡೋಸ್ ಇಲ್ಲ ಎಂದು ನಿಯಮ ಮಾಡಿದೆ. ನಿಜವಾದ ರೋಗಾಣುವಿದ್ದರೆ ಈಗಿನ ಸ್ವಯಂಚಾಲಿತ ಯಂತ್ರಗಳಲ್ಲಿ ಬಹುಪಾಲು ಕಲ್ಚರ್‌ಗಳು 36 ಗಂಟೆಯೊಳಗೆ ಸುಳಿವು ಕೊಡುತ್ತವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2018ರ ಮಾರ್ಗದರ್ಶಿಯೂ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದರೆ, ದೇಹದಲ್ಲಿ ಸೋಂಕಿನ ಜಾಗ ಯಾವುದೂ ಕಾಣದಿದ್ದರೆ 36ರಿಂದ 48 ಗಂಟೆಗೆ ನಿಲ್ಲಿಸಲು ಹೇಳುತ್ತದೆ. ದೇಹದಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನಿನ ಪರೀಕ್ಷೆಯನ್ನು ನಾನು ನಿಲ್ಲಿಸುವ ಧೈರ್ಯಕ್ಕಾಗಿ ಬಳಸುತ್ತೇನೆ, ಮುಂದುವರಿಸುವ ನೆಪಕ್ಕಾಗಿ ಅಲ್ಲ: ಸಮಯ ಬಿಟ್ಟು ಎರಡು ಬಾರಿ ನೋಡಿದಾಗಲೂ ಏರದಿದ್ದರೆ ನಂಜಿನ ಸಂಭವ ತೀರ ಕಡಿಮೆ, ಆದರೆ ಕಷ್ಟದ ಹೆರಿಗೆ, ಶ್ವಾಸಕೋಶಕ್ಕೆ ಸೇರಿದ ಮಲಮಿಶ್ರಿತ ಗರ್ಭಜಲ, ಶಸ್ತ್ರಚಿಕಿತ್ಸೆ ಮುಂತಾದವುಗಳಿಂದಲೂ ಅದು ಏರುತ್ತದೆ.

ವಿರೋಧ ಬಂದದ್ದು ನಾನು ನಿರೀಕ್ಷಿಸಿದ ಕಡೆಯಿಂದಲ್ಲ. ನರ್ಸ್‌ಗಳು ನಿಯಮವನ್ನು ಬೇಗ ತಮ್ಮದಾಗಿಸಿಕೊಂಡರು. ರೌಂಡ್ಸ್‌ನಲ್ಲಿ ‘ಸರ್, ಸಮಯ ಮುಗಿದಿದೆ, ಏನು ಬರೆಯುತ್ತೀರಿ?’ ಎಂದು ಕೇಳತೊಡಗಿದವರು ಅವರೇ. ಹಿರಿಯ ಸಹೋದ್ಯೋಗಿಗಳಿಗೆ ಮಾತ್ರ ‘ತಾಯಿಗೆ ಮೊದಲೇ ಔಷಧ ಬಿದ್ದಿದೆ, ಕಲ್ಚರ್ ಹೇಗೆ ನಂಬುವುದು?’ ಎಂಬ ಶಂಕೆ ಉಳಿದಿತ್ತು. ಅದಕ್ಕೆ ನಾನು ಕೊಟ್ಟ ಉತ್ತರ, ತಾಯಿಗೆ ಬಿದ್ದ ಔಷಧ ಮಗುವಿನ ರಕ್ಷಣೆಗೂ ಒದಗುತ್ತದೆ ಮತ್ತು ಸಾಕಷ್ಟು ರಕ್ತ ತೆಗೆದಿದ್ದರೆ ಮಗುವಿನ ಸ್ಥಿತಿಯನ್ನು ಗಂಟೆಗಂಟೆಗೆ ಗಮನಿಸುವುದೇ ಏಳು ದಿನದ ಔಷಧಕ್ಕಿಂತ ಮೇಲು ಎಂಬುದು. ತಂದೆತಾಯಿಯರು ‘ಇನ್ನೆರಡು ದಿನ ಹಾಕಿಬಿಡಿ ಡಾಕ್ಟ್ರೇ’ ಎಂದು ಬೇಡಿಕೊಂಡಾಗ, ನಿಲ್ಲಿಸಿದ ಮಾತ್ರಕ್ಕೆ ಕೈಬಿಟ್ಟಂತಲ್ಲ, ಲಕ್ಷಣ ಕಂಡರೆ ಆ ಗಂಟೆಯೇ ಮತ್ತೆ ಆರಂಭಿಸುತ್ತೇವೆ ಎಂದು ಕುಳಿತು ವಿವರಿಸುತ್ತೇನೆ.

ಇಷ್ಟಾದರೂ ಕೆಲವು ಶಿಶುಗಳಿಗೆ ದೀರ್ಘ ಚಿಕಿತ್ಸೆ ಬೇಕೇ ಬೇಕು. ಗ್ರಾಂ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾದಿಂದ ಬಂದ ಮೆನಿಂಜೈಟಿಸ್‌ಗೆ ಕನಿಷ್ಠ 21 ದಿನ, ಮೂಳೆ ಅಥವಾ ಕೀಲಿನ ಸೋಂಕಿಗೆ ವಾರಗಟ್ಟಲೆ. ಅಲ್ಲಿ ಔಷಧವನ್ನು ಅಂಜಿ ಮೊಟಕುಗೊಳಿಸುವುದೇ ಅಪಾಯ. ಇದಕ್ಕಾಗಿಯೇ ನಂಜು ದೃಢಪಟ್ಟ ಪ್ರತಿ ಮಗುವಿಗೂ, ಸ್ಥಿತಿ ಸಹಿಸುವಂತಾದ ಕೂಡಲೇ, ಬೆನ್ನುಹುರಿಯ ನೀರಿನ ಪರೀಕ್ಷೆ ಮಾಡಿಸುತ್ತೇನೆ. ಅದನ್ನು ಮಾಡದೆ ‘ಯಾವುದಕ್ಕೂ’ ಎಂದು 21 ದಿನ ಎಳೆಯುವುದು ಮಗುವಿಗೆ ಮಾಡುವ ಅನ್ಯಾಯ.

ದೀರ್ಘ ಕೋರ್ಸ್‌ನಲ್ಲಿ ನಾನು ಹೆಚ್ಚು ಎಚ್ಚರ ವಹಿಸುವುದು ಜೆಂಟಾಮೈಸಿನ್ ಮತ್ತು ಅಮಿಕಾಸಿನ್ ವಿಷಯದಲ್ಲಿ, ಏಕೆಂದರೆ ಕಿವಿಯ ಒಳಗಿನ ಕೂದಲಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. 30 ವಾರಕ್ಕಿಂತ ಮುಂಚೆ ಹುಟ್ಟಿದ ಮಗುವಿಗೆ ಮೊದಲ ಎರಡು ವಾರ ಜೆಂಟಾಮೈಸಿನ್ ಪ್ರತಿ ಕಿಲೋಗೆ 5 ಮಿ.ಗ್ರಾಂ., ಅದೂ 48 ಗಂಟೆಗೊಮ್ಮೆ. 800 ಗ್ರಾಂನ ಮಗುವಿಗೆ ಅದು 4 ಮಿ.ಗ್ರಾಂ. ಆಗುತ್ತದೆ; 1 ಮಿ.ಲೀ.ನಲ್ಲಿ 40 ಮಿ.ಗ್ರಾಂ. ಇರುವ ವಯಲ್‌ನಿಂದ ನೇರವಾಗಿ ತೆಗೆದರೆ ಕೇವಲ 0.1 ಮಿ.ಲೀ. ಸಿರಿಂಜಿನ ತುದಿಯಲ್ಲಿ ಉಳಿಯುವ ಹನಿಯೇ ಡೋಸ್‌ನ ದೊಡ್ಡ ಪಾಲಾಗಬಲ್ಲದು, ಆಮೇಲೆ ಲೈನ್‌ಗೆ ಸಲೈನ್ ಬಿಟ್ಟಾಗ ಆ ಹನಿಯೂ ಒಳಗೆ ಸೇರಬಹುದು. ಆದ್ದರಿಂದ ಮೊದಲು 1 ಮಿ.ಲೀ.ಗೆ 2 ಮಿ.ಗ್ರಾಂ. ಆಗುವಂತೆ ತೆಳುಗೊಳಿಸಿ, ಇಬ್ಬರು ನರ್ಸ್‌ಗಳು ಪ್ರತ್ಯೇಕವಾಗಿ ಲೆಕ್ಕ ಮಾಡಿ ತಾಳೆ ನೋಡಿದ ಮೇಲೆಯೇ 30 ನಿಮಿಷದಲ್ಲಿ ಪಂಪ್ ಮೂಲಕ ಕೊಡುತ್ತೇವೆ. ಕೋರ್ಸ್ ಉದ್ದವಾಗುವುದಾದರೆ ಮುಂದಿನ ಡೋಸ್‌ಗೆ ಮುನ್ನ ರಕ್ತದಲ್ಲಿ ಔಷಧದ ಮಟ್ಟ ಲೀಟರಿಗೆ 1 ಮಿ.ಗ್ರಾಂ.ಗಿಂತ ಕೆಳಗಿರಬೇಕು. ಮೂತ್ರಪಿಂಡದ ಕೆಲಸವನ್ನು ತಿಳಿಸುವ ಕ್ರಿಯಾಟಿನಿನ್ ನೋಡುವಾಗ, ಮೊದಲ ದಿನಗಳ ಅಂಕಿ ಬಹುಮಟ್ಟಿಗೆ ತಾಯಿಯದು ಎಂಬುದನ್ನು ಮರೆಯದೆ, ಮೂತ್ರದ ಪ್ರಮಾಣವನ್ನು ಹೆಚ್ಚು ನೆಚ್ಚುತ್ತೇನೆ. ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಜೊತೆಗೆ ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಅಥವಾ ಮೂತ್ರ ಹೆಚ್ಚಿಸುವ ಫ್ರುಸೆಮೈಡ್ ಸೇರಿದರೆ ಮೂತ್ರಪಿಂಡದ, ಕಿವಿಯ ಹೊರೆ ಹೆಚ್ಚುವುದರಿಂದ, ಯಾವುದನ್ನು ಬಿಡಬಹುದೆಂದು ಅಂದೇ ಕೇಳಿಕೊಳ್ಳುತ್ತೇನೆ.

ತಾಯಿಯ ಕಡೆಯವರಲ್ಲಿ ಯಾರಿಗಾದರೂ ಇಂಥ ಔಷಧದ ನಂತರ ಕಿವುಡು ಬಂದಿತ್ತೇ ಎಂದು ವಿಚಾರಿಸುವುದನ್ನೂ ಬಿಡುವುದಿಲ್ಲ. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಒಂದು ಜೀನ್ ಬದಲಾವಣೆಯಿದ್ದರೆ, ರಕ್ತದ ಮಟ್ಟ ಸರಿಯಿದ್ದರೂ ಶ್ರವಣ ಹೋಗಬಹುದು.

ಕೆಲವು ಔಷಧಗಳು ಎಳೆಯ ದೇಹಕ್ಕೇ ಅಪಾಯ: ಕಾಮಾಲೆ ತರುವ ಬಿಲಿರುಬಿನ್ ಏರಿದ ಮಗುವಿಗೆ ಅಥವಾ ಕ್ಯಾಲ್ಸಿಯಂ ಹನಿಸುತ್ತಿರುವ ಮಗುವಿಗೆ ಸೆಫಲೊಸ್ಪೊರಿನ್ ಗುಂಪಿನ ಸೆಫ್ಟ್ರಿಯಾಕ್ಸೋನ್ ಕೊಡುವಂತಿಲ್ಲ. 1950ರ ದಶಕದಲ್ಲಿ ಸೋಂಕು ತಡೆಯಲೆಂದು ಅವಧಿಪೂರ್ವ ಶಿಶುಗಳಿಗೆ ಕೊಟ್ಟ ಸಲ್ಫಾ ಔಷಧ ಬಿಲಿರುಬಿನ್ ಅನ್ನು ಮಿದುಳಿಗೆ ದಾಟಿಸಿ ಸಾವು ತಂದಿತು. ಕ್ಲೋರಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಅನ್ನು ಕರಗಿಸಲಾರದ ಎಳೆಯ ಯಕೃತ್ತಿನಿಂದಾಗಿ ಶಿಶುಗಳು ಬೂದು ಬಣ್ಣಕ್ಕೆ ತಿರುಗಿ ಸತ್ತವು. ಎರಡನ್ನೂ ಮುನ್ನೆಚ್ಚರಿಕೆಯ ಹೆಸರಿನಲ್ಲೇ ಕೊಡಲಾಗಿತ್ತು ಎಂಬುದನ್ನು ಹೊಸದಾಗಿ ಬಂದ ಪ್ರತಿ ಕಿರಿಯ ವೈದ್ಯರಿಗೂ ಹೇಳುತ್ತೇನೆ.

ಮನೆಗೆ ಕಳಿಸುವಾಗ, ಜೆಂಟಾಮೈಸಿನ್ ಅಥವಾ ಅಮಿಕಾಸಿನ್ 5 ದಿನ ಮೀರಿದ್ದರೆ, ಬಿಡುಗಡೆ ಪತ್ರದಲ್ಲಿ ಒಟ್ಟು ದಿನಗಳನ್ನೂ ಕೊನೆಯ ರಕ್ತದ ಮಟ್ಟವನ್ನೂ ಬರೆದು, ಶ್ರವಣ ನರದ ಸ್ಪಂದನವನ್ನು ಅಳೆಯುವ ಪರೀಕ್ಷೆ ಮಾಡಿಸಿರುತ್ತೇವೆ. ಅದರಲ್ಲಿ ಮಗು ತೇರ್ಗಡೆಯಾಗಿದ್ದರೂ 9 ತಿಂಗಳೊಳಗೆ ಮತ್ತೊಮ್ಮೆ ಶ್ರವಣ ತಜ್ಞರಲ್ಲಿ ತೋರಿಸಲು ದಿನಾಂಕ ಕೊಟ್ಟೇ ಕಳಿಸುತ್ತೇವೆ.