ಮೂರು ಬ್ಲಾಗು, ಮೂರು ಥರದ ಬಳಗ

ನಾನು ಇದುವರೆಗೆ ಮೂರು ಬ್ಲಾಗ್ ನಡೆಸಿದ್ದೇನೆ. ಒಂದು ದಿನಚರಿ ಥರದ್ದು. ಇನ್ನೊಂದು ಸೈಕಲ್ ರಿಪೇರಿಯದು. ಮೂರನೆಯದು ಏಳು ಜನ ಸೇರಿ ಬರೆದದ್ದು. ಮೂರಕ್ಕೂ ಓದುಗರಿದ್ದರು, ಆದರೆ ಅವರು ಬಳಗವಾಗಿದ್ದು ಒಂದು ಕಡೆ ಮಾತ್ರ. ಯಾಕೆ ಹಾಗಾಯಿತು ಅಂತ ತುಂಬ ದಿನ ಯೋಚಿಸಿದ್ದೇನೆ.

‘ವೆಬ್‌ಲಾಗ್’ ಅನ್ನುವ ಪದವನ್ನು (‘ಬ್ಲಾಗ್’ ಬಂದದ್ದು ಇದರಿಂದಲೇ) ಅಮೆರಿಕದ ಜಾರ್ನ್ ಬಾರ್ಗರ್ 1997ರಲ್ಲಿ ಬಳಕೆಗೆ ತಂದಾಗ ಅವರ ಪುಟದಲ್ಲಿದ್ದದ್ದು ಮುಖ್ಯವಾಗಿ ತಾವು ಓದಿದ ಪುಟಗಳ ಲಿಂಕುಗಳು. ಸ್ವಂತ ಬದುಕಿನ ಕಥೆಯನ್ನು ವೆಬ್ಬಿನಲ್ಲಿ ಬರೆಯುವುದು ಅದಕ್ಕೂ ಹಳೆಯದು. ಅಮೆರಿಕದ ವಿದ್ಯಾರ್ಥಿ ಜಸ್ಟಿನ್ ಹಾಲ್ 1994ರಲ್ಲೇ ಶುರು ಮಾಡಿದ್ದರು. ನನ್ನ ಮೊದಲ ಬ್ಲಾಗ್ ಈ ಎರಡನೇ ಬಗೆಯದು. ಇಪ್ಪತ್ತು ಜನ ತಪ್ಪದೆ ಓದುತ್ತಿದ್ದರು. ಅಪ್ಪನ ಕಾಯಿಲೆ ಬಗ್ಗೆ ಬರೆದ ದಿನ ಕಾಮೆಂಟು ಬಂದದ್ದು ನಾಲ್ಕು, ಈಮೇಲ್ ಬಂದದ್ದು ಹನ್ನೊಂದು. ಒಂದೊಂದೂ ಉದ್ದನೆಯ ಪತ್ರ. ಅವರೆಲ್ಲ ನನಗೆ ತುಂಬ ಹತ್ತಿರದವರು, ಆದರೆ ಅವರವರಿಗೆ ಪರಿಚಯವೇ ಇರಲಿಲ್ಲ. ನಾನು ಎರಡು ತಿಂಗಳು ಬರೆಯದಿದ್ದಾಗ ಎಲ್ಲವೂ ನಿಂತುಹೋಯಿತು. ಸೈಕಲ್ ಚಕ್ರಕ್ಕೆ ಹೋಲಿಸಿದರೆ, ಕಡ್ಡಿಗಳೆಲ್ಲ ನಡುವಿನ ಹಬ್‌ಗೆ ಸೇರಿದ್ದವು, ಅವನ್ನು ಜೋಡಿಸುವ ರಿಮ್ ಸುತ್ತ ಇರಲಿಲ್ಲ.

ಸೈಕಲ್ ಬ್ಲಾಗಿನಲ್ಲಿ ಮೊದಲ ಒಂದು ವರ್ಷ ಇದಕ್ಕೆ ಪೂರ್ತಿ ಉಲ್ಟಾ. ದಿನಕ್ಕೆ ನೂರಾರು ಜನ ಹುಡುಕಿಕೊಂಡು ಬರುತ್ತಿದ್ದರು. ಬ್ರೇಕ್ ಕಿರುಗುಟ್ಟುತ್ತದೆ, ಏನು ಮಾಡಲಿ? ಉತ್ತರ ಸಿಕ್ಕಿದರೆ ಹೊರಟರು. ಬಂದ ಪುಟ್ಟ, ಹೋದ ಪುಟ್ಟ. ಇದು ತಪ್ಪಲ್ಲ. ರಿಪೇರಿ ಬ್ಲಾಗ್ ಇರುವುದೇ ಅದಕ್ಕೆ. ಆದರೂ ಯಾರೂ ತಿರುಗಿ ಬರುವುದಿಲ್ಲ ಅನ್ನುವುದು ನನಗೆ ಬೇಸರ ತರುತ್ತಿತ್ತು.

ಒಮ್ಮೆ ಒಬ್ಬರು, ಪೆಡಲ್ ಒತ್ತಿದರೆ ಚೈನ್ ಜಾರುತ್ತದೆ ಅಂತ ಕೇಳಿದರು. ಚೈನ್ ಅಳೆಯುವುದು ಹೇಗೆ ಅಂತ ನಾನು ಬರೆದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ 24ನೇ ಕೊಂಡಿ ಮುಗಿಯುವ ಪಿನ್ನಿನವರೆಗೆ ಸರಿಯಾಗಿ 12 ಇಂಚು ಇರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂದರೆ ಬದಲಿಸಿ ಅಂದೆ. ಅವರು ಬದಲಿಸಿದರು. ಮತ್ತೆ ಬಂದು, ಈಗ ಇನ್ನೂ ಜಾಸ್ತಿ ಜಾರುತ್ತಿದೆ ಅಂದರು. ನಾನು ಉತ್ತರ ಹುಡುಕುತ್ತಿರುವಾಗಲೇ ಇನ್ನೊಬ್ಬ ಓದುಗರು ಬರೆದರು: ಹಳೇ ಚೈನ್ ಜೊತೆ ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲಿನ ಗಾಲಿ) ಹಲ್ಲುಗಳೂ ಸವೆದಿರುತ್ತವೆ, ಹೊಸ ಚೈನ್ ಅದರ ಮೇಲೆ ಕೂರುವುದಿಲ್ಲ, ಅದನ್ನೂ ಬದಲಿಸಿ. ಅದೇ ಸರಿಯಾದ ಉತ್ತರ.

ಆ ಉತ್ತರವನ್ನು ಅವರ ಹೆಸರು ಹಾಕಿ ಪೋಸ್ಟಿನ ಮೇಲ್ಭಾಗದಲ್ಲೇ ಸೇರಿಸಿದೆ. ಒಂದೇ ವಾರದಲ್ಲಿ ಇನ್ನೂ ಮೂವರು ಹಳೇ ಪೋಸ್ಟುಗಳಿಗೆ ತಿದ್ದುಪಡಿ ಕಳಿಸಿದರು! ಅಲ್ಲಿಂದ ನನ್ನ ರೂಢಿ ಬದಲಾಯಿತು. ಪ್ರಶ್ನೆ ಬಂದ ತಕ್ಷಣ ಉತ್ತರಿಸುವುದನ್ನು ಬಿಟ್ಟು ಒಂದು ದಿನ ಕಾದೆ. ಪ್ರತಿ ಶನಿವಾರ ಪಾಠವಿಲ್ಲದ ಒಂದು ಪೋಸ್ಟ್ ಹಾಕಿದೆ, “ಈ ವಾರ ನಿಮ್ಮ ಸೈಕಲ್ ಏನು ತೊಂದರೆ ಕೊಟ್ಟಿತು?” ಅಂತ. ಉತ್ತರ ಪಡೆದವರಿಗೆಲ್ಲ ಒಂದೇ ಕೋರಿಕೆ: ಸರಿಹೋಯಿತಾ ಇಲ್ಲವಾ, ಬಂದು ಹೇಳಿ. ಈ ಕೊನೆಯದು ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ಹೇಳಲು ಬಂದವರು ಕೆಳಗಿನ ಪ್ರಶ್ನೆಯನ್ನೂ ಓದುತ್ತಾರೆ, ಗೊತ್ತಿದ್ದರೆ ಎರಡು ಸಾಲು ಬರೆಯುತ್ತಾರೆ.

ದೊಡ್ಡ ಮಟ್ಟದಲ್ಲೂ ಹೀಗಾಗಿದೆ. ಪ್ರೋಗ್ರಾಮಿಂಗ್ ಬಗ್ಗೆ ಬ್ಲಾಗ್ ಬರೆಯುತ್ತಿದ್ದ ಜೋಯೆಲ್ ಸ್ಪೋಲ್ಸ್ಕಿ ಮತ್ತು ಜೆಫ್ ಅಟ್‌ವುಡ್ 2008ರಲ್ಲಿ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಶುರು ಮಾಡಿದಾಗ ಅಲ್ಲಿಗೆ ಮೊದಮೊದಲು ಬಂದವರಲ್ಲಿ ಅವರ ಓದುಗರು ಬಹಳ ಜನ.

ಎಷ್ಟು ಜನ ಮಾತಾಡುತ್ತಾರೆ ಅಂತ ಲೆಕ್ಕ ಹಾಕಿ ಬೇಜಾರಾಗಬೇಡಿ. ಜನ ವೆಬ್ ಹೇಗೆ ಬಳಸುತ್ತಾರೆ ಅಂತ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 2006ರಲ್ಲಿ ಬರೆದ ಒಂದು ಅಂದಾಜಿದೆ. ಇಂಥ ಬಳಗಗಳಲ್ಲಿ ನೂರಕ್ಕೆ ತೊಂಬತ್ತು ಜನ ಓದುತ್ತಾರೆ ಅಷ್ಟೇ. ಒಂಬತ್ತು ಜನ ಆಗೊಮ್ಮೆ ಈಗೊಮ್ಮೆ ಬರೆಯುತ್ತಾರೆ. ಹೆಚ್ಚಿನದೆಲ್ಲ ಬರೆಯುವವರು ಒಬ್ಬರು. ನನ್ನಲ್ಲೂ ಸುಮಾರಾಗಿ ಹಾಗೇ ಇತ್ತು. ಸುಮ್ನೆ ಓದುವವರೂ ಬಳಗದವರೇ ಅಲ್ವಾ? ಮೂರು ವರ್ಷ ಸುಮ್ಮನಿದ್ದ ಒಬ್ಬರು, ಇಲ್ಲಿ ಓದಿಯೇ ಮಗಳ ಸೈಕಲ್ ಪೂರ್ತಿ ಬಿಚ್ಚಿ ಜೋಡಿಸಿದೆ ಅಂತ ಫೋಟೊ ಹಾಕಿದ್ದರು.

ಕಷ್ಟವಾದದ್ದು ಇನ್ನೊಂದು. ಎಲ್ಲರಿಗಿಂತ ಚೆನ್ನಾಗಿ ರಿಪೇರಿ ಗೊತ್ತಿದ್ದವರೊಬ್ಬರು ಹೊಸಬರನ್ನು ಹೀಯಾಳಿಸುತ್ತಿದ್ದರು. “ಇಷ್ಟೂ ಗೊತ್ತಿಲ್ವಾ?” ಅನ್ನುವ ಧಾಟಿ. ಎರಡು ಸಲ ಬೇರೆಯಾಗಿ ಪತ್ರ ಬರೆದು ಕೇಳಿಕೊಂಡೆ. ಸ್ವಲ್ಪ ದಿನ ತಿದ್ದಿಕೊಂಡರು, ಆಮೇಲೆ ಅದೇ ಕಥೆ. ಕೊನೆಗೆ ಅವರ ಕಾಮೆಂಟುಗಳನ್ನು ನಿಲ್ಲಿಸಿದೆ. ಅವರಷ್ಟು ತಿಳಿದವರು ಮತ್ತೆ ಸಿಗಲಿಲ್ಲ, ಆ ನಷ್ಟ ಈಗಲೂ ಇದೆ. ಆದರೆ ಮುಂದಿನ ತಿಂಗಳು ಹೊಸಬರ ಪ್ರಶ್ನೆಗಳು ಮತ್ತೆ ಬರತೊಡಗಿದವು. ಪಂಕ್ಚರ್ ಹಾಕುವುದು ಹೇಗೆ ಅಂತ ಕೇಳಲು ಹೆದರುವ ಜಾಗದಲ್ಲಿ ಬಳಗ ಬೆಳೆಯುವುದಿಲ್ಲ. ನಾನು ಮೊದಲ ಸಲದ ಪತ್ರಕ್ಕೇ ಗಡುವು ಕೊಡಬೇಕಿತ್ತು, ಆರು ತಿಂಗಳು ತಡ ಮಾಡಿದೆ.

ಏಳು ಜನರ ಬ್ಲಾಗಿನದು ಸಣ್ಣ ಕಥೆ. ಬರೆಯುವ ನಾವು ಏಳು ಜನ ಗಟ್ಟಿ ಸ್ನೇಹಿತರಾದೆವು. ಓದುಗರು ಮಾತ್ರ ತಮ್ಮ ತಮ್ಮ ಮೆಚ್ಚಿನ ಬರಹಗಾರರ ಪೋಸ್ಟಿಗೆ ಬಂದು ಹೋಗುತ್ತಿದ್ದರು. ಎರಡು ವರ್ಷಕ್ಕೆ ನಿಲ್ಲಿಸಿದೆವು.

ಸೈಕಲ್ ಬ್ಲಾಗನ್ನು ಹೋದ ವರ್ಷ ಬೇರೆ ಸರ್ವರ್‌ಗೆ ಸಾಗಿಸಿದೆ. ಪೋಸ್ಟುಗಳೆಲ್ಲ ಬಂದವು, ಕಾಮೆಂಟುಗಳು ಬರಲಿಲ್ಲ. ಹಳೆಯದನ್ನು ಆಗಲೇ ಅಳಿಸಿಬಿಟ್ಟಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಆದದ್ದನ್ನು ಇದ್ದ ಹಾಗೆ ಬರೆದೆ. ಸಂಜೆಯ ಹೊತ್ತಿಗೆ ಒಬ್ಬರು ತಾವು ಸೇವ್ ಮಾಡಿಟ್ಟಿದ್ದ ನಲವತ್ತು ಪುಟ ಕಳಿಸಿದರು. ಇನ್ನೊಬ್ಬರ ಹತ್ತಿರ ಬ್ರೇಕಿನ ಪೋಸ್ಟುಗಳೆಲ್ಲ ಪ್ರಿಂಟ್ ತೆಗೆದದ್ದಿತ್ತು. ನಾಲ್ಕು ಜನ ಹಂಚಿಕೊಂಡು ಅವನ್ನು ಟೈಪ್ ಮಾಡಿದರು, ಯಾರ ಮಾತು ಯಾರದು ಅನ್ನುವುದನ್ನೂ ಬಿಡದೆ. ಮುಕ್ಕಾಲು ಪಾಲು ಉತ್ತರಗಳು ಹೀಗೆ ವಾಪಸ್ ಬಂದಿವೆ. ಈಗ ಪ್ರತಿ ತಿಂಗಳ ಮೊದಲ ದಿನ ಕಾಮೆಂಟುಗಳೂ ಸೇರಿದಂತೆ ಪೂರ್ತಿ ಬ್ಯಾಕಪ್ ತೆಗೆಯುತ್ತೇನೆ. ಒಂದು ಪ್ರತಿ ನನ್ನ ಹತ್ತಿರ ಇರುತ್ತದೆ, ಇನ್ನೆರಡು ಇಬ್ಬರು ಓದುಗರ ಹತ್ತಿರ.