ಆನ್‌ಲೈನ್ ಕೌನ್ಸೆಲಿಂಗ್‌ಗೆ ದುಡ್ಡು ಕಟ್ಟುವ ಮುಂಚೆ

ಹೋದ ವರ್ಷ ನನ್ನ ತಂಗಿಗೆ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಕಲಬುರಗಿಯಲ್ಲಿ ಪರಿಚಯದವರ ಕಣ್ಣಿಗೆ ಬೀಳುತ್ತೇನೆ ಅಂತ ಆಸ್ಪತ್ರೆಗೆ ಬರಲು ಒಪ್ಪಲಿಲ್ಲ. ಫೋನಿನಲ್ಲಿ ಕಂಡ ಒಬ್ಬರಿಗೆ ದುಡ್ಡು ಕಟ್ಟಿದೆವು. ಮೂರು ಸಲ ಮಾತಾಡಿದ ಮೇಲೆ ಗೊತ್ತಾಯಿತು, ಅವರಿಗೆ ಯಾವ ನೋಂದಣಿಯೂ ಇರಲಿಲ್ಲ. ತುಂಬಾ ನೋವಾಯಿತು.

ಹಾಗಾಗಿ ಮೊದಲು ನೋಂದಣಿ ನಂಬರ್ ಕೇಳಿ. ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ (ಮಾತಿನ ಮೂಲಕ ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುವವರು) ಆದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನಂಬರ್ ಇರಬೇಕು. ಅದರ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೀವೇ ನೋಡಬಹುದು. ಮನೋವೈದ್ಯರಾದರೆ ವೈದ್ಯಕೀಯ ಪರಿಷತ್ತಿನ ನೋಂದಣಿ. ಮಾತ್ರೆ ಬರೆಯುವುದು ಡಾಕ್ಟರ ಕೆಲಸ, ಸೈಕಾಲಜಿಸ್ಟ್ ಬರೆಯುವಂತಿಲ್ಲ. ಬರೀ 'ಲೈಫ್ ಕೋಚ್' ಅಂತಿದ್ದರೆ ಏನು ಓದಿದ್ದಾರೆ ಅಂತ ಕೇಳಿಯೇ ಮುಂದುವರಿಯಿರಿ.

ಭಾಷೆಯನ್ನೂ ನೋಡಿ. ನಮ್ಮ ಕಡೆಯ ಕನ್ನಡ, ಇಲ್ಲವೇ ಮನೆಯಲ್ಲಿ ಆಡುವ ದಖ್ಖನಿ ಉರ್ದು ತಿಳಿಯದವರ ಹತ್ತಿರ ಮನಸ್ಸು ಬಿಚ್ಚುವುದು ಕಷ್ಟ, ಅಲ್ವಾ? ಫೀಸು, ಸಮಯ ಮೊದಲೇ ಮಾತಾಡಿಕೊಳ್ಳಿ. ಮನೆ ತುಂಬ ಜನ ಇದ್ದರೆ ಸಂಜೆ ಮಾಳಿಗೆ ಮೇಲೆ ಹೋಗಿ, ಇಯರ್‌ಫೋನ್ ಹಾಕಿಕೊಂಡು ಮಾತಾಡಿ. ತಂಗಿ ಹಾಗೇ ಮಾಡುತ್ತಾಳೆ.

ದುಡ್ಡಿಲ್ಲ, ಅಥವಾ ಈಗಲೇ ಯಾರಾದರೂ ಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ, ನಡುರಾತ್ರಿಯಲ್ಲೂ ಎತ್ತುತ್ತಾರೆ.