ಒಬ್ಬರೇ ಹೊರಟು ಗುಂಪಿನೊಡನೆ ಲಕ್ಷದ್ವೀಪ: ‘ಸಮುದ್ರಂ’ ಹಡಗು ಪ್ರವಾಸಕ್ಕೆ ತಯಾರಾಗುವ ಬಗೆ

ಲಕ್ಷದ್ವೀಪಕ್ಕೆ ಒಬ್ಬರೇ ಹೋಗಬಹುದು. ಆದರೆ ಮನಸ್ಸು ಬಂದ ದಿನ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುವ ಜಾಗ ಅದಲ್ಲ. ದ್ವೀಪದವರಲ್ಲದ ಎಲ್ಲರಿಗೂ ಪ್ರವೇಶ ಪರವಾನಗಿ ಬೇಕು. 1967ರ ನಿಯಮ ಅದು, ಭಾರತೀಯರಿಗೂ ಅನ್ವಯಿಸುತ್ತದೆ. ಒಬ್ಬಂಟಿ ಪ್ರವಾಸಿಗೆ ಇರುವುದರಲ್ಲಿ ಸಲೀಸಾದ ದಾರಿ ಎಂದರೆ ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆ ‘ಸ್ಪೋರ್ಟ್ಸ್’ ನಡೆಸುವ ‘ಸಮುದ್ರಂ’ ಪ್ಯಾಕೇಜು. ಎಂ.ವಿ. ಕವರತ್ತಿ ಹಡಗಿನಲ್ಲಿ ಐದು ದಿನ. ಕೊಚ್ಚಿಯಿಂದ ಹೊರಟು ಕವರತ್ತಿ, ಕಲ್ಪೇನಿ, ಮಿನಿಕಾಯ್ ನೋಡಿ ಮತ್ತೆ ಕೊಚ್ಚಿಗೆ. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ದ್ವೀಪದಲ್ಲಿ ರೂಮು ಹುಡುಕುವ ಗೋಜಿಲ್ಲ, ದೋಣಿ ಮಾತಾಡುವ ಗೋಜಿಲ್ಲ, ಮಧ್ಯಾಹ್ನದ ಊಟವೂ ಅವರದೇ.

ಒಂದು ಮಾತನ್ನು ಮೊದಲೇ ತಿಳಿದಿರಬೇಕು. ಇದು ಈಜುಕೊಳ, ನಾಟ್ಯಶಾಲೆ ಇರುವ ಐಷಾರಾಮಿ ಕ್ರೂಸ್ ಅಲ್ಲ. ಸುಮಾರು 700 ಜನರನ್ನು ಹೊರುವ ಪ್ರಯಾಣಿಕರ ಹಡಗು. ಆಸ್ಪತ್ರೆಗೆ ಬಂದು ಹೋಗುವವರು, ಕಾಲೇಜು ಮಕ್ಕಳು, ಸಾಮಾನು ಕೊಂಡ ಸಂಸಾರಗಳು ಎಲ್ಲರೂ ಅದರಲ್ಲೇ ಇರುತ್ತಾರೆ. ಹಡಗು ದ್ವೀಪದವರ ಬಸ್ಸು. ನಾವು ಅದರಲ್ಲಿ ಅತಿಥಿಗಳು. ಇದನ್ನು ಒಪ್ಪಿಕೊಂಡು ಹತ್ತಿದವರಿಗೆ ಪ್ರವಾಸ ತುಂಬಾ ಚೆನ್ನಾಗಿ ಆಗುತ್ತದೆ. ಒಪ್ಪದವರು ಮೊದಲ ರಾತ್ರಿಯಿಂದಲೇ ಗೊಣಗುತ್ತಾರೆ.

ಯಾವಾಗ

ಪ್ರವಾಸದ ಕಾಲ ಅಕ್ಟೋಬರ್‌ನಿಂದ ಮೇ ನಡುವಿನವರೆಗೆ. ಮುಂಗಾರು ಹಿಡಿದರೆ ಅರಬ್ಬಿ ಸಮುದ್ರದಲ್ಲಿ ಹಡಗಿನಿಂದ ದೋಣಿಗೆ ಜನ ಇಳಿಸುವುದೇ ಅಪಾಯ. ಮೊದಲ ಸಲ ಹೋಗುವವರು ಜನವರಿ ಕೊನೆಯಿಂದ ಮಾರ್ಚ್ ಒಳಗೆ ದಿನ ಹುಡುಕಿ. ಸಮುದ್ರ ಸಾಮಾನ್ಯವಾಗಿ ಶಾಂತ, ನೀರು ತಿಳಿ. ಡಿಸೆಂಬರ್ ರಜೆಯಲ್ಲಿ ಸಂಸಾರಗಳ ಗುಂಪೇ ಜಾಸ್ತಿ, ಏಪ್ರಿಲ್-ಮೇಯಲ್ಲಿ ಊರಿಗೆ ಹೋಗಿಬರುವ ದ್ವೀಪದವರ ದಟ್ಟಣೆ. ದೀಪಾವಳಿ ಆಸುಪಾಸಿನಲ್ಲಿ ಚಂಡಮಾರುತದ ಭಯವೂ ಇರುತ್ತದೆ.

ಒಬ್ಬರೇ ಹೋಗುವುದಕ್ಕೆ ಇಲ್ಲೊಂದು ಲಾಭವಿದೆ. ನಾಲ್ಕು ಜನರ ಸಂಸಾರಕ್ಕೆ ನಾಲ್ಕು ಬರ್ತ್ ಒಟ್ಟಿಗೆ ಬೇಕು, ನಿಮಗೆ ಒಂದೇ ಸಾಕು. ಭರ್ತಿ ಎಂದು ಕಂಡ ದಿನಾಂಕಕ್ಕೂ ಫೋನ್ ಮಾಡಿ ‘ಒಂದು ಬರ್ತ್ ಉಳಿದಿದೆಯೇ, ಯಾರಾದರೂ ರದ್ದು ಮಾಡಿದ್ದಾರೆಯೇ’ ಎಂದು ಕೇಳಿ.

ಕಾಗದ ಪತ್ರ

ಬಹಳ ಜನ ಎಡವುವುದು ಇಲ್ಲೇ. ಪ್ಯಾಕೇಜು ತೆಗೆದುಕೊಂಡರೆ ಪರವಾನಗಿಯ ಕೆಲಸವನ್ನು ಸಂಘಟಕರೇ ಮಾಡಿಸುತ್ತಾರೆ. ಆದರೆ ನೀವು ಕೊಟ್ಟ ಕಾಗದ ಸರಿ ಇದ್ದರೆ ಮಾತ್ರ. ಆಧಾರ್ ಅಥವಾ ಪಾಸ್‌ಪೋರ್ಟ್ ಪ್ರತಿ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ, ತುಂಬಿದ ಅರ್ಜಿ ಬೇಕು. ಪೊಲೀಸ್ ಪರಿಶೀಲನಾ ಪತ್ರವನ್ನೂ ಕೇಳುವುದುಂಟು. ಕರ್ನಾಟಕದಲ್ಲಿರುವವರು ಸೇವಾ ಸಿಂಧು ಮೂಲಕ ಅರ್ಜಿ ಹಾಕಬಹುದು. ಠಾಣೆಯ ಪರಿಶೀಲನೆ ಎಷ್ಟು ದಿನ ಹಿಡಿಯುತ್ತದೆ ಎಂದು ಹೇಳಲು ಬರುವುದಿಲ್ಲ, ಹಾಗಾಗಿ ಒಂದು ತಿಂಗಳ ಮುಂಚೆಯೇ ಹಾಕಿ.

ನಮ್ಮವರಿಗೆ ವಿಶೇಷವಾಗಿ ಕಾಡುವುದು ಇನಿಷಿಯಲ್ಲು. ಆಧಾರ್‌ನಲ್ಲಿ ‘ಮಂಜುನಾಥ ಕೆ’, ಪ್ಯಾನ್‌ನಲ್ಲಿ ಅಪ್ಪನ ಹೆಸರೂ ಸೇರಿದ ಪೂರ್ತಿ ಹೆಸರು, ಟಿಕೆಟ್‌ನಲ್ಲಿ ‘ಕೆ ಮಂಜುನಾಥ’. ಮೂರೂ ನೀವೇ ಎಂದು ನಿಮಗೆ ಗೊತ್ತು, ಬಂದರಿನ ತಪಾಸಣೆಯಲ್ಲಿ ಕೂತವರಿಗೆ ಗೊತ್ತಿಲ್ಲ. ಒಂದೇ ಗುರುತಿನ ಚೀಟಿ ಆರಿಸಿಕೊಂಡು ಅರ್ಜಿ, ಪರವಾನಗಿ, ಹಡಗಿನ ಟಿಕೆಟ್ ಎಲ್ಲದರಲ್ಲೂ ಅಕ್ಷರ ಬಿಡದೆ ಅದರಂತೆಯೇ ಬರೆಸಿ. ಪರವಾನಗಿ ಕೈಗೆ ಬಂದ ಕೂಡಲೇ ಮೂರು ದ್ವೀಪಗಳ ಹೆಸರೂ ಅದರಲ್ಲಿವೆಯೇ ನೋಡಿ. ನಾಲ್ಕು ಜೆರಾಕ್ಸ್ ತೆಗೆಸಿ. ಹೊರದೇಶದಲ್ಲಿದ್ದು ಅಲ್ಲಿಯ ಪಾಸ್‌ಪೋರ್ಟ್ ಪಡೆದಿರುವ ಕನ್ನಡಿಗರಿಗೆ ಎಲ್ಲ ದ್ವೀಪಗಳೂ ತೆರೆದಿಲ್ಲ. ಅವರು ದುಡ್ಡು ಕಟ್ಟುವ ಮೊದಲೇ ಕೇಳಬೇಕು.

ಕ್ಯಾಬಿನ್ ಯಾರ ಜೊತೆ

ಒಬ್ಬಂಟಿಗೆ ಸಿಗುವುದು ಹಂಚಿಕೊಳ್ಳುವ ಕ್ಯಾಬಿನ್. ಎರಡು ಅಥವಾ ನಾಲ್ಕು ಬರ್ತ್, ಒಂದರ ಮೇಲೊಂದು. ಇಡೀ ಕ್ಯಾಬಿನ್ ನನಗೇ ಬೇಕು ಎಂದರೆ ಉಳಿದ ಬರ್ತ್‌ಗಳ ದುಡ್ಡೂ ನಿಮ್ಮ ಮೇಲೆ ಬೀಳುತ್ತದೆ. ಅದು ಬೇಡವೇ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಐದು ದಿನಕ್ಕೆ ಬೇಕಾದ ಪರಿಚಯ ಕ್ಯಾಬಿನ್ನಿನಲ್ಲೇ ಶುರುವಾಗುತ್ತದೆ.

ಹೆಂಗಸರು ‘ಮಹಿಳೆಯರೇ ಇರುವ ಕ್ಯಾಬಿನ್ ಬೇಕು’ ಎಂದು ಬುಕಿಂಗ್ ಹೊತ್ತಿನಲ್ಲೇ ಇಮೇಲ್‌ನಲ್ಲಿ ಬರೆದು, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಫೋನಿನಲ್ಲಿ ‘ಆಯ್ತು ಮೇಡಂ’ ಎಂದದ್ದು ಹಡಗಿನಲ್ಲಿ ನಡೆಯುವುದಿಲ್ಲ. ಮಂಡಿನೋವು, ಸಮುದ್ರವಾಂತಿ ಇರುವವರು ಕೆಳಗಿನ ಬರ್ತ್ ಕೇಳಿ. ಹಡಗಿನ ಉದ್ದಕ್ಕೂ ಎತ್ತರಕ್ಕೂ ನಡುವಿನಲ್ಲಿರುವ ಕ್ಯಾಬಿನ್ ಕಡಿಮೆ ತೂಗುತ್ತದೆ. ಮೂತಿಯ ಕಡೆ, ಮೇಲಿನ ಮಹಡಿಯಲ್ಲಿ ಉಯ್ಯಾಲೆ ಹೆಚ್ಚು.

ಕೊಚ್ಚಿಗೆ ಒಂದು ದಿನ ಮೊದಲು

ಹಡಗು ಹತ್ತುವುದು ವಿಲಿಂಗ್ಡನ್ ದ್ವೀಪದಲ್ಲಿ. ಬಂದರು ಕಟ್ಟುವಾಗ ತೆಗೆದ ಹೂಳಿನಿಂದಲೇ ಮೂಡಿದ ದ್ವೀಪ ಅದು. ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ರೈಲಿಗೆ ‘ಐಲ್ಯಾಂಡ್ ಎಕ್ಸ್‌ಪ್ರೆಸ್’ ಎಂಬ ಹೆಸರು ಯಾಕೆ ಎಂದು ಕೇಳುವವರಿಗೆ ಉತ್ತರವೂ ಇಲ್ಲೇ ಇದೆ: ಹಿಂದೆ ಆ ರೈಲು ಈ ದ್ವೀಪದ ಹಾರ್ಬರ್ ಟರ್ಮಿನಸ್‌ವರೆಗೆ ಹೋಗುತ್ತಿತ್ತು. ಈಗ ಹೋಗುವುದಿಲ್ಲ, ಎರ್ನಾಕುಲಂ ಟೌನ್ ನಿಲ್ದಾಣದಲ್ಲಿ ನಿಂತು ಮುಂದೆ ಸಾಗುತ್ತದೆ. ಎರ್ನಾಕುಲಂ ಜಂಕ್ಷನ್ ಬೇರೆ, ಟೌನ್ ಬೇರೆ. ಸ್ಥಳೀಯರು ಸೌತ್, ನಾರ್ತ್ ಎನ್ನುತ್ತಾರೆ. ವಿಲಿಂಗ್ಡನ್ ದ್ವೀಪಕ್ಕೆ ಹತ್ತಿರ ಸೌತ್.

ಹಡಗು ಹೊರಡುವ ದಿನ ಬೆಳಿಗ್ಗೆ ರೈಲಿಳಿದು ಹತ್ತುತ್ತೇನೆ ಎನ್ನುವ ಲೆಕ್ಕ ಹಾಕಬೇಡಿ. ರೈಲು ನಾಲ್ಕು ಗಂಟೆ ತಡವಾದರೆ ಹಡಗು ಕಾಯುವುದಿಲ್ಲ, ಮತ್ತೊಂದನ್ನು ಹಿಡಿಯೋಣ ಎಂದರೆ ಪರವಾನಗಿಯೂ ಪ್ಯಾಕೇಜೂ ಆ ದಿನಾಂಕಕ್ಕೆ ಕಟ್ಟಿದವು. ವಾಪಸಾತಿಗೂ ಅಷ್ಟೇ. ಹಡಗು ಮುಟ್ಟಬೇಕಾದ ದಿನದ ಮಾರನೆಯ ದಿನ ಸಂಜೆಗೆ ಟಿಕೆಟ್ ಮಾಡಿಸಿ. ಅಲೆ ಜೋರಿದ್ದರೆ ದ್ವೀಪಗಳ ಸರದಿ ಬದಲಾಗುತ್ತದೆ, ಒಂದು ದ್ವೀಪ ಪೂರ್ತಿ ತಪ್ಪಿಯೂ ಹೋಗಬಹುದು. ಅದಕ್ಕೆ ಯಾರನ್ನೂ ದೂರಿ ಫಲವಿಲ್ಲ.

ಎರಡು ಬ್ಯಾಗು

ದೊಡ್ಡದು ಕ್ಯಾಬಿನ್ನಿನಲ್ಲೇ ಉಳಿಯುತ್ತದೆ. ದಿನಾ ದ್ವೀಪಕ್ಕೆ ಹೋಗುವುದು 10ರಿಂದ 15 ಲೀಟರಿನ, ನೀರು ಒಳಗೆ ಹೋಗದ ಸುರುಳಿ ಬಾಯಿಯ ಚೀಲ. ಅದರಲ್ಲಿ ಒಂದು ಜೊತೆ ಒಣ ಬಟ್ಟೆ, ತೆಳು ಟವೆಲ್, 1 ಲೀಟರ್ ನೀರು, ಟೋಪಿ, ಜಿಪ್ ಕವರಿನಲ್ಲಿ ಗುರುತಿನ ಚೀಟಿ ಮತ್ತು ಪರವಾನಗಿ, ಚಿಲ್ಲರೆ ನೋಟು. ಎಟಿಎಂ ನಂಬಿ ಹೋಗಬೇಡಿ. ಚೀಲ ಬೆನ್ನಿಗೆ ಹಾಕುವಂಥದ್ದೇ ಇರಬೇಕು, ಎರಡೂ ಕೈ ಖಾಲಿ ಇರಬೇಕು. ಕಾರಣ ಮುಂದೆ ಬರುತ್ತದೆ.

ಹಿಂಬದಿ ಪಟ್ಟಿ ಇರುವ ರಬ್ಬರ್ ಚಪ್ಪಲಿ ತನ್ನಿ. ಹವಾಯಿ ಚಪ್ಪಲಿ ಮೊದಲ ದಿನವೇ ನೀರಿನ ಪಾಲಾಗುತ್ತದೆ. ತುಂಬುತೋಳಿನ ಈಜು ಅಂಗಿ ಒಂದಿದ್ದರೆ ಬೆನ್ನು ಸುಡುವುದಿಲ್ಲ, ಸನ್‌ಸ್ಕ್ರೀನ್ ಕಡಿಮೆ ಸಾಕು, ಹವಳಕ್ಕೂ ಒಳ್ಳೆಯದು. ಕ್ಯಾಬಿನ್ನಿನ ಎಸಿ ಕೊರೆಯುತ್ತದೆ, ಒಂದು ಶಾಲು ಇರಲಿ. ಗೊರಕೆಗೆ ಕಿವಿಬೆಣೆ. ದಿನನಿತ್ಯದ ಮಾತ್ರೆಗಳು ಐದು ದಿನಕ್ಕಲ್ಲ, ಹತ್ತು ದಿನಕ್ಕೆ. ಮದ್ಯ ಬೇಡವೇ ಬೇಡ: ಬಂಗಾರಂ ಎಂಬ ದ್ವೀಪ ಬಿಟ್ಟರೆ ಲಕ್ಷದ್ವೀಪದಲ್ಲಿ ಅದಕ್ಕೆ ನಿಷೇಧ. ಮೊಬೈಲಿಗೆ ಬಿಎಸ್‌ಎನ್‌ಎಲ್ ಅಥವಾ ಏರ್‌ಟೆಲ್ ಸಿಮ್. ನಡುಸಮುದ್ರದಲ್ಲಿ ಯಾವುದೂ ಸಿಗುವುದಿಲ್ಲ. ‘ರಾತ್ರಿ ಫೋನ್ ತಾಗುವುದಿಲ್ಲ, ಗಾಬರಿಯಾಗಬೇಡಿ’ ಎಂದು ಮನೆಯಲ್ಲಿ ಹೇಳಿಯೇ ಹೊರಡಿ.

ವಾಂತಿ ಬರುವ ಮೊದಲೇ

ಸಮುದ್ರವಾಂತಿಯ ಮಾತ್ರೆ ಶುರುವಾದ ಮೇಲೆ ತಗೊಂಡರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅವೊಮಿನ್‌ನಂಥ ಮಾತ್ರೆಯನ್ನು ಹಡಗು ಹೊರಡುವ ಒಂದೆರಡು ಗಂಟೆ ಮೊದಲು ತೆಗೆದುಕೊಳ್ಳಬೇಕು. ನಿದ್ದೆ ಬರಿಸುತ್ತದೆ. ಬಿಪಿ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ತಗೊಳ್ಳಿ. ಖಾಲಿ ಹೊಟ್ಟೆ ಕೆಟ್ಟದು, ಎಣ್ಣೆ ತಿಂಡಿ ಇನ್ನೂ ಕೆಟ್ಟದು. ಮೊಸರನ್ನ, ಬಾಳೆಹಣ್ಣು, ಬ್ರೆಡ್ಡು, ಒಣ ಅವಲಕ್ಕಿ ಸಾಕು. ತಲೆ ತಿರುಗಿದರೆ ಕ್ಯಾಬಿನ್ನಿನಲ್ಲಿ ಮೊಬೈಲ್ ನೋಡುತ್ತಾ ಮಲಗಬೇಡಿ. ಡೆಕ್ಕಿಗೆ ಹೋಗಿ ದಿಗಂತದ ಗೆರೆಯನ್ನೇ ನೋಡಿ. ಕಣ್ಣು ಹೇಳುವುದೂ ಕಿವಿಯೊಳಗಿನ ಸಮತೋಲದ ಅಂಗ ಹೇಳುವುದೂ ಒಂದಾದರೆ ಮೆದುಳು ಸುಮ್ಮನಾಗುತ್ತದೆ.

ಮಿನಿಕಾಯ್‌ಗೆ ಹೋಗುವಾಗ ಅಥವಾ ಬರುವಾಗ ಒಂಬತ್ತು ಡಿಗ್ರಿ ಕಾಲುವೆ ದಾಟಬೇಕು. ಉಳಿದ ದ್ವೀಪಗಳಿಗೂ ಮಿನಿಕಾಯ್‌ಗೂ ನಡುವಿನ ಸುಮಾರು 200 ಕಿ.ಮೀ. ಅಗಲದ ತೆರೆದ ಸಮುದ್ರ ಅದು. ಮೊದಲ ರಾತ್ರಿ ಏನೂ ಆಗಲಿಲ್ಲ ಎಂದು ಆ ರಾತ್ರಿ ಮಾತ್ರೆ ಬಿಟ್ಟವರೇ ಹೆಚ್ಚು ಪಾಡು ಪಡುವುದು.

ಹಡಗಿನಿಂದ ದೋಣಿಗೆ

ಇಡೀ ಪ್ರವಾಸದಲ್ಲಿ ಎದೆ ಢವಗುಟ್ಟುವ ಕ್ಷಣ ಇದೊಂದೇ. ದ್ವೀಪವನ್ನು ಸುತ್ತುವರಿದ ಹವಳದ ದಿಬ್ಬ, ಅಂದರೆ ಹವಳದಂಡೆಯ ಹೊರಗೆ ಹಡಗು ಲಂಗರು ಹಾಕುತ್ತದೆ. ಹಡಗಿನ ಪಕ್ಕೆಯಲ್ಲಿ, ನೀರಿಗೆ ಹತ್ತಿರವಾಗಿ ಒಂದು ಬಾಗಿಲು ತೆರೆಯುತ್ತದೆ. ಕೆಳಗೆ ಸಣ್ಣ ದೋಣಿ ಅಲೆಯೊಂದಿಗೆ ಏಳುತ್ತಾ ಇಳಿಯುತ್ತಾ ಇರುತ್ತದೆ. ಒಂದು ಕ್ಷಣ ನಿಮ್ಮ ಪಾದದ ಮಟ್ಟದಲ್ಲಿ, ಮರುಕ್ಷಣ ಆಳೆತ್ತರ ಕೆಳಗೆ. ಬಾಗಿಲಲ್ಲಿ ಇಬ್ಬರು, ದೋಣಿಯಲ್ಲಿ ಇಬ್ಬರು ಖಲಾಸಿಗಳು ನಿಂತಿರುತ್ತಾರೆ.

ಲೈಫ್ ಜಾಕೆಟ್ ಕಟ್ಟಿ. ಬೆನ್ನಿನ ಚೀಲ ಬಿಗಿಯಾಗಿರಲಿ, ಮೊಬೈಲ್ ಅದರೊಳಗಿರಲಿ. ಸೀರೆ, ಪಂಚೆ, ಉದ್ದ ದುಪಟ್ಟಾ ಆ ದಿನ ಬೇಡ. ಖಲಾಸಿ ನಿಮ್ಮ ಮುಂಗೈ ಹಿಡಿಯಲಿ, ನೀವೂ ಅವನ ಮುಂಗೈ ಹಿಡಿಯಿರಿ. ಬೆರಳಿಗೆ ಬೆರಳು ಕೊಟ್ಟರೆ ಜಾರುತ್ತದೆ. ದೋಣಿ ಮೇಲೇರಿ ಅರೆಕ್ಷಣ ನಿಲ್ಲುತ್ತದೆಯಲ್ಲ, ಆಗ ಅವನು ಕೂಗುತ್ತಾನೆ. ಆ ಕೂಗಿಗೆ ಹೆಜ್ಜೆ ಇಡಬೇಕು. ಹಾರಬಾರದು, ಹೆಜ್ಜೆ ಇಡಬೇಕು. ಒಂದು ಕಾಲು ಇಟ್ಟು ಯೋಚಿಸುತ್ತಾ ನಿಂತರೆ ದೋಣಿ ಕೆಳಗಿಳಿಯುತ್ತದೆ, ಎರಡು ಕಾಲು ಎರಡು ಕಡೆ. ಪೆಟ್ಟು ಬೀಳುವುದು ಹೀಗೆ. ಕಾಲಿಟ್ಟ ಕೂಡಲೇ ಒಳಗೆ ಸರಿದು ಕುಳಿತುಕೊಳ್ಳಿ, ದೋಣಿಯ ಅಂಚಿನ ಮೇಲೆ ಕೈ ಇಡಬೇಡಿ. ಹಡಗಿಗೂ ದೋಣಿಗೂ ನಡುವೆ ಬೆರಳು ಸಿಕ್ಕಿದರೆ ಉಳಿಯುವುದಿಲ್ಲ.

ನೀರಿನಲ್ಲಿ ಜೋಡಿ

ಒಬ್ಬಂಟಿ ಪ್ರವಾಸದ ನಿಜವಾದ ಅಪಾಯ ನೀರಿನಲ್ಲಿದೆ. ನಿಮ್ಮನ್ನು ಎಣಿಸುವವರು ಯಾರೂ ಇಲ್ಲ. ಸಂಸಾರದೊಡನೆ ಬಂದವರನ್ನು ಹೆಂಡತಿಯೋ ಮಗನೋ ಹುಡುಕುತ್ತಾರೆ. ಹಾಗಾಗಿ ಮೊದಲ ದಿನದ ಊಟದಲ್ಲೇ ಇನ್ನೊಬ್ಬ ಒಬ್ಬಂಟಿಯನ್ನು ಹುಡುಕಿ ನೇರವಾಗಿ ಕೇಳಿ: ‘ನೀರಿನಲ್ಲಿ ನಾವಿಬ್ಬರೂ ಜೋಡಿ ಆಗೋಣವೇ?’ ಕೇಳಲು ಸಂಕೋಚ ಬೇಡ. ಇಂಥ ಹಡಗಿನಲ್ಲಿ ಗೆಳೆತನ ಬೆಳೆಯುವುದೂ ಹೆಚ್ಚಾಗಿ ಇದೇ ಪ್ರಶ್ನೆಯಿಂದ.

ಸ್ನಾರ್ಕೆಲ್ ಮುಖವಾಡ ಬಾಡಿಗೆಗೆ ಪಡೆಯುವಾಗ ಪಟ್ಟಿ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಅಂಟಿಕೊಂಡು ನಿಂತರೆ ಅದು ನಿಮ್ಮ ಅಳತೆ. ದಪ್ಪ ಮೀಸೆಯವರಿಗೆ ನೀರು ಸೋರುತ್ತದೆ. ಮೂಗಿನ ಕೆಳಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ. ಗಾಜು ಮಂಜಾಗದಿರಲು ಒಂದು ಹನಿ ಬೇಬಿ ಶಾಂಪೂ ತಿಕ್ಕಿ ತೊಳೆಯಿರಿ. ಸೊಂಟದಾಳದ ನೀರಿನಲ್ಲಿ ಹತ್ತು ನಿಮಿಷ ಬಾಯಿಯಿಂದ ನಿಧಾನವಾಗಿ ಉಸಿರಾಡುವುದನ್ನು ರೂಢಿ ಮಾಡಿಕೊಂಡೇ ಮುಂದೆ ಹೋಗಿ. ಈಜು ಬಂದರೂ ಜಾಕೆಟ್ ತೆಗೆಯಬೇಡಿ. ಹವಳದಂಡೆಗೂ ದ್ವೀಪಕ್ಕೂ ನಡುವಿನ ತೆಳುನೀರು, ಅಂದರೆ ಲಗೂನ್, ಕೆರೆಯಂತೆ ಶಾಂತ. ಆದರೆ ಸಮುದ್ರ ಇಳಿತದ ಹೊತ್ತಿಗೆ ಅದರ ನೀರೆಲ್ಲ ಹವಳದಂಡೆಯ ಸಂದುಗಳಿಂದ ಹೊರಗೆ ನುಗ್ಗುತ್ತದೆ. ನೀರಿನ ಬಣ್ಣ ಹಸಿರುನೀಲಿಯಿಂದ ಕಡುನೀಲಿಗೆ ತಿರುಗುವ ಗೆರೆ ನಿಮ್ಮ ಎಲ್ಲೆ.

ಹವಳದ ಮೇಲೆ ನಿಲ್ಲಬೇಡಿ. ಅದು ಕಲ್ಲಲ್ಲ, ಜೀವ. ಬಿಸಿಯೇರಿದ ಸಮುದ್ರದಿಂದ 1998, 2010, 2016ರಲ್ಲಿ ಬಿಳಚಿಕೊಂಡು ಸತ್ತು, ಮತ್ತೆ ಚಿಗುರಲು ಹೆಣಗುತ್ತಿರುವ ಜೀವ. ತರಚಿದರೆ ಸೋಪು, ಶುದ್ಧ ನೀರಿನಿಂದ ಚೆನ್ನಾಗಿ ತಿಕ್ಕಿ ಪುಡಿ ತೆಗೆಯಿರಿ. ಬಿಟ್ಟರೆ ಕೀವಾಗುತ್ತದೆ.

ದ್ವೀಪಗಳಲ್ಲಿ

ಇಲ್ಲಿಯ ಜನ ಬಹುತೇಕ ಮುಸ್ಲಿಮರು. ಈಜುಡುಗೆ ಕಡಲಂಚಿಗಷ್ಟೇ, ಊರೊಳಗೆ ಮೈ ಮುಚ್ಚುವ ಬಟ್ಟೆ. ಹೆಂಗಸರ ಫೋಟೊ ಕೇಳದೆ ತೆಗೆಯಬೇಡಿ. ಕನ್ನಡಿಗರಿಗೆ ಈ ನಂಟು ಗೊತ್ತಿರಲಿ: ಅಮಿನಿ, ಕಡಮತ್ ಮುಂತಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಇಂದಿಗೂ ಸರಕು ಹೋಗುತ್ತದೆ. ಮಂಗಳೂರಿನವರು ಎಂದರೆ ಮಾತು ತಾನಾಗಿ ಬೆಳೆಯುತ್ತದೆ.

ಕವರತ್ತಿಯಲ್ಲಿ ಉಜ್ರಾ ಮಸೀದಿಯ ಮರದ ಕೆತ್ತನೆ ನೋಡಿ. 2005ರಲ್ಲಿ ಅಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು, ದಿನಕ್ಕೆ 1 ಲಕ್ಷ ಲೀಟರ್. ಸ್ನಾನದ ನಲ್ಲಿ ತೆರೆದಿಟ್ಟು ನಿಲ್ಲುವ ಮುನ್ನ ಇದು ನೆನಪಿರಲಿ. ಕಲ್ಪೇನಿಯ ಪೂರ್ವ ದಂಡೆಯಲ್ಲಿ 1847ರ ಬಿರುಗಾಳಿ ಎತ್ತಿ ಹಾಕಿದ ಹವಳದ ಬಂಡೆಗಳ ಏರಿ ಇನ್ನೂ ಇದೆ. ಈಜಿಗೆ ಮೂರರಲ್ಲಿ ಒಳ್ಳೆಯದು ಇದೇ ದ್ವೀಪ. ಮಿನಿಕಾಯ್‌ನ ಮಾತು ಮಲಯಾಳದ ಬಗೆಯಲ್ಲ. ಮಾಲ್ಡೀವ್ಸ್‌ನ ನುಡಿಗೆ ಸೇರಿದ ಮಹಲ್, ಬಲದಿಂದ ಎಡಕ್ಕೆ ಬರೆಯುತ್ತಾರೆ. 1885ರ ದೀಪಸ್ತಂಭದ ಮೆಟ್ಟಿಲು ಏರಲು ಬಿಟ್ಟರೆ ಬಿಡಬೇಡಿ. ಸಸ್ಯಾಹಾರಿಗಳು ಬುಕಿಂಗ್‌ನಲ್ಲೇ ತಿಳಿಸಿ. ಸೂರೆ (ಟ್ಯೂನಾ) ಮೀನಿನ ನಾಡು ಇದು, ಅನ್ನ, ಸಾರು, ಪಲ್ಯಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ವಾಪಸು ಹತ್ತುವ ಮೊದಲು ಚೀಲ ಕೊಡವಿ ನೋಡಿ. ದಂಡೆಯಲ್ಲಿ ಬಿದ್ದ ಹವಳದ ತುಂಡೂ 1972ರ ವನ್ಯಜೀವಿ ಕಾಯ್ದೆಗೆ ಒಳಪಡುತ್ತದೆ, ತಪಾಸಣೆಯಲ್ಲಿ ಸಿಕ್ಕರೆ ಕೇಸು. ಕೊಚ್ಚಿಯಲ್ಲಿ ಇಳಿದ ಮೇಲೂ ಒಂದು ದಿನ ನೆಲ ತೂಗಿದಂತೆ ಅನಿಸುತ್ತದೆ. ರೈಲಿನಲ್ಲಿ ಕೆಳಗಿನ ಬರ್ತ್ ತೆಗೆದುಕೊಳ್ಳಿ.